ಅಮ್ಮನಿಗೆ ಫಾಂಡ್ಯೂ ಮಾಡಿಕೊಟ್ಟ ಕಥೆ

"ನಮ್ದೆಲ್ಲ ಊಟ ಆಯ್ತು. ನೀನು ರಾತ್ರಿಗೆ ಏನ್ ಮಾಡ್ಕೋತೀಯೋ?"

ತಿಪಟೂರಿನಿಂದ ಅಮ್ಮ ಫೋನ್ ಮಾಡಿದರೆ ಮೊದಲ ಪ್ರಶ್ನೆ ಇದೇ. ಆಫೀಸು, ಚಳಿ, ಮದುವೆ ಮಾತೆಲ್ಲ ಆಮೇಲೆ. ಅಲ್ಲಿ ರಾತ್ರಿ ಒಂಬತ್ತೂವರೆ ಆಗಿದ್ದರೆ ಇಲ್ಲಿ ಜ್ಯೂರಿಚ್‌ನಲ್ಲಿ ಇನ್ನೂ ಸಂಜೆ ಐದು. ನಾನು ಇಲ್ಲಿಗೆ ಬಂದು ಮೂರು ಚಳಿಗಾಲ ಕಳೆಯಿತು. ಮೂರೂ ಚಳಿಗಾಲ ತಿಂಗಳಿಗೆ ಎರಡು ಸಲವಾದರೂ ನನ್ನ ಉತ್ತರ ಒಂದೇ ಇರುತ್ತಿತ್ತು: "ಬ್ರೆಡ್ಡು, ಚೀಸು ಅಮ್ಮ."

ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಆ ಬ್ರೆಡ್ಡು-ಚೀಸಿನ ಹೆಸರು ಫಾಂಡ್ಯೂ. ಅದರಲ್ಲಿ ಏನೇನು ಇರುತ್ತೆ ಅಂತ ಅಮ್ಮನಿಗೆ ಹೇಳಿರಲಿಲ್ಲ. ಹೇಳಬೇಕಾದ ದಿನ ಕಳೆದ ನವೆಂಬರ್‌ನಲ್ಲಿ ಬಂತು. ಅಪ್ಪ, ಅಮ್ಮ ಇಬ್ಬರೂ ಮೂರು ವಾರಕ್ಕೆ ಅಂತ ನನ್ನ ಮನೆಗೆ ಬಂದರು.

ನಡುವೆ ಒಂದೇ ಪಾತ್ರೆ

ಮೊದಲು ಫಾಂಡ್ಯೂ ಅಂದ್ರೆ ಏನು ಅಂತ ಹೇಳಿಬಿಡ್ತೀನಿ. ಫ್ರೆಂಚ್‌ನಲ್ಲಿ ಆ ಪದಕ್ಕೆ 'ಕರಗಿದ್ದು' ಅಂತ ಅರ್ಥ. ತುರಿದ ಚೀಸನ್ನು ಬಿಳಿ ವೈನ್‌ನಲ್ಲಿ ಕರಗಿಸಿ, ಮೇಜಿನ ನಡುವೆ ಸಣ್ಣ ಸ್ಪಿರಿಟ್ ಒಲೆಯ ಮೇಲೆ ಇಡುತ್ತಾರೆ. ಅಗಲ ಬಾಯಿ, ಹಿಡಿ ಇರುವ ಆ ಪಾತ್ರೆಗೆ ಕಾಕ್ಲೋನ್ ಅಂತಾರೆ. ಸುತ್ತ ಕೂತವರು ಉದ್ದ ಫೋರ್ಕಿಗೆ ಬ್ರೆಡ್ ತುಂಡು ಚುಚ್ಚಿ, ಅದ್ದಿ ತಿನ್ನುತ್ತಾರೆ. ಬ್ರೆಡ್ ಜಾರಿ ಪಾತ್ರೆಯೊಳಗೆ ಬಿತ್ತೋ, ಬೀಳಿಸಿದವರಿಗೆ ದಂಡ. ಒಂದು ಹಾಡು ಹೇಳಬೇಕು, ಇಲ್ಲಾ ಪಾತ್ರೆ ತೊಳೀಬೇಕು, ಇಲ್ಲಾ ಮುಂದಿನ ಬಾಟಲಿ ಕೊಡಿಸಬೇಕು.

ಸ್ವಿಸ್ ಜನ ಇದನ್ನು ತಮ್ಮ ರಾಷ್ಟ್ರೀಯ ಖಾದ್ಯ ಅಂತಾರೆ. 1699ರ ಜ್ಯೂರಿಚ್‌ನ ಅಡುಗೆ ಪುಸ್ತಕವೊಂದರಲ್ಲೇ ಚೀಸನ್ನು ವೈನ್ ಜೊತೆ ಬೇಯಿಸುವ ವಿಧಾನ ಇದೆ. ಆದರೆ ಇದು ಮನೆಮನೆಗೂ ಬಂದದ್ದು ಈಚೆಗೆ. 1914ರಿಂದ 1999ರವರೆಗೆ ಇಲ್ಲಿನ ಚೀಸ್ ವ್ಯಾಪಾರ 'ಸ್ವಿಸ್ ಚೀಸ್ ಯೂನಿಯನ್' ಅನ್ನೋ ಒಕ್ಕೂಟದ ಕೈಯಲ್ಲಿತ್ತು. ಉತ್ಪಾದನೆಯಾದ ಚೀಸ್ ಖರ್ಚಾಗಬೇಕಲ್ಲ! 1930ರ ದಶಕದಿಂದ ಫಾಂಡ್ಯೂವನ್ನು ದೇಶದ ಊಟ ಅಂತ ಪ್ರಚಾರ ಮಾಡಿದರು. ಆಮೇಲೆ 'ಫಿಗುಗೆಗ್ಲ್' ಅನ್ನೋ ವಿಚಿತ್ರ ಪದವೊಂದನ್ನು ಊರೆಲ್ಲ ಹಬ್ಬಿಸಿದರು. ಫಾಂಡ್ಯೂ ಚೆನ್ನಾಗಿರುತ್ತೆ, ಮನಸ್ಸಿಗೂ ಖುಷಿ ಕೊಡುತ್ತೆ ಅನ್ನೋ ಅರ್ಥದ ಸ್ವಿಸ್ ಜರ್ಮನ್ ವಾಕ್ಯದ ಮೊದಲಕ್ಷರಗಳು ಅವು. ನಮ್ಮ ಆಫೀಸಿನ ಮಾರ್ಕೆಟಿಂಗ್ ಟೀಮ್‌ನವರಿಗೂ ಇಂಥದ್ದು ಹೊಳೆದಿಲ್ಲ ಬಿಡಿ.

ನಾನು ಮೊದಲ ಸಲ ತಿಂದದ್ದು ನನ್ನ ಟೀಮ್ ಲೀಡ್ ಮನೆಯಲ್ಲಿ. ಹೊರಗೆ ಹಿಮ, ಒಳಗೆ ಆರು ಜನ, ನಡುವೆ ಒಂದು ಪಾತ್ರೆ. ನಾನು ಆ ಊರಿಗೆ ಬಂದು ಎರಡು ತಿಂಗಳಾಗಿತ್ತಷ್ಟೇ, ಮಾತಾಡೋಕೆ ಆಫೀಸು ಬಿಟ್ಟರೆ ಯಾರೂ ಇರಲಿಲ್ಲ. ಒಂದೇ ಪಾತ್ರೆಗೆ ಕೈ ಹಾಕಿ ತಿನ್ನುವಾಗ ಯಾರೂ ಫೋನ್ ನೋಡೋಕಾಗಲ್ಲ. ಎರಡು ಗಂಟೆ ಹೋದದ್ದೇ ಗೊತ್ತಾಗಲಿಲ್ಲ. ಅವತ್ತಿನಿಂದ ನನಗೆ ಫಾಂಡ್ಯೂ ಅಂದ್ರೆ ರುಚಿಗಿಂತ ಹೆಚ್ಚಾಗಿ ಜನ.

ಲೇಬಲ್ ಓದಿದ ದಿನ

ನಮ್ಮದು ಸಸ್ಯಾಹಾರಿ ಮನೆ. ನಾನೂ ಹಾಗೇ ಬೆಳೆದವನು. ಚೀಸ್ ಅಂದ್ರೆ ಹಾಲು ತಾನೇ, ಅದರಲ್ಲೇನಿದೆ ಅಂದ್ಕೊಂಡು ಒಂದು ಚಳಿಗಾಲ ಪೂರ್ತಿ ಆರಾಮಾಗಿ ತಿಂದೆ.

ಎರಡನೇ ವರ್ಷ ಮನೆಯಲ್ಲೇ ಮಾಡೋಣ ಅಂತ ಹೊರಟಾಗ ವಿಷಯ ಗೊತ್ತಾಯಿತು. ಹಾಲನ್ನು ಗಟ್ಟಿ ಮಾಡೋಕೆ ರೆನ್ನೆಟ್ ಅನ್ನೋದನ್ನು ಹಾಕುತ್ತಾರೆ. ಸಾಂಪ್ರದಾಯಿಕ ರೆನ್ನೆಟ್ ಬರೋದು ಹಾಲು ಕುಡಿಯೋ ಎಳೆ ಕರುವಿನ ಹೊಟ್ಟೆಯ ನಾಲ್ಕನೇ ಕೋಣೆಯಿಂದ. ಕರುವನ್ನು ಕೊಂದ ಮೇಲೆ ತೆಗೆಯುವಂಥದ್ದು. ಫಾಂಡ್ಯೂಗೆ ಮುಖ್ಯವಾದ ಗ್ರುಯೇರ್ ಚೀಸಿಗೆ ಎಒಪಿ ಅನ್ನೋ ಮುದ್ರೆ ಇದೆ, ನಮ್ಮ ಮೈಸೂರು ವೀಳ್ಯದೆಲೆಗೆ ಜಿಐ ಟ್ಯಾಗ್ ಇರೋ ಹಾಗೆ. ಆ ಮುದ್ರೆ ಬೇಕಾದರೆ ಪ್ರಾಣಿಜನ್ಯ ರೆನ್ನೆಟ್ಟನ್ನೇ ಬಳಸಬೇಕು ಅನ್ನೋದು ನಿಯಮ.

ಗೊತ್ತಾದ ಮೇಲೆ ಬಿಟ್ಟೆನಾ? ನಿಜ ಹೇಳ್ತೀನಿ, ಬಿಡಲಿಲ್ಲ. ಒಂದು ತಿಂಗಳು ಬಿಟ್ಟೆ. ಆಮೇಲೆ ಯಾರೋ ಕರೆದರು, ಹೋದೆ, ತಿಂದೆ. ಅವತ್ತಿನಿಂದ ಅಮ್ಮನಿಗೆ "ಬ್ರೆಡ್ಡು, ಚೀಸು" ಅನ್ನುವಾಗ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಆಗುತ್ತಿತ್ತು.

ಯಾಕಂದ್ರೆ ನಮ್ಮ ಮನೆಯಲ್ಲಿ ಹಸು ಇತ್ತು. ಕರು ಕುಡಿದು ಬಿಟ್ಟದ್ದು ಮಾತ್ರ ನಮಗೆ ಅನ್ನೋದು ಅಮ್ಮನ ಕಾನೂನು. ಗಿಣ್ಣು ಮಾಡೋಕೂ ಅಷ್ಟೇ, ಕರುವಿನ ಹೊಟ್ಟೆ ತುಂಬಿದ ಮೇಲೆಯೇ ಹಾಲು ಕರೆಯೋಳು. ಅಂಥವಳಿಗೆ ಕರುವಿನ ಹೊಟ್ಟೆ ವಿಷಯ ಹೇಳೋದು ಹೇಗೆ?

ಬಂದ ನಾಲ್ಕನೇ ದಿನ ಸೂಪರ್‌ಮಾರ್ಕೆಟ್‌ನಲ್ಲಿ ಅಮ್ಮ ಚೀಸಿನ ಸಾಲಿನ ಮುಂದೆ ನಿಂತಳು. ಅರ್ಧ ಗೋಡೆ ಚೀಸೇ ಇತ್ತು.

"ನೀನು ತಿನ್ನೋದು ಇದೇನಾ? ಒಂದಿನ ನಮಗೂ ಮಾಡ್ಕೊಡು."

ಹೂಂ ಅಂದುಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವಳಿಗೆ ಜರ್ಮನ್ ಓದೋಕೆ ಬರಲ್ಲ. ಖುಷಿಯಾಗಿ ತಿಂದು, ಊರಲ್ಲಿ ಎಲ್ಲರಿಗೂ ಹೇಳಿಕೊಳ್ಳುತ್ತಿದ್ದಳು. ನಾನು "ನೋಡೋಣ ಅಮ್ಮ" ಅಂದು ಟ್ರಾಲಿ ತಳ್ಳಿದೆ. ಮನೆಗೆ ಬಂದು, ಊಟ ಆದ ಮೇಲೆ, ಎಲ್ಲಾ ಹೇಳಿದೆ. ರೆನ್ನೆಟ್ ವಿಷಯ, ವೈನ್ ವಿಷಯ, ನಾನು ಗೊತ್ತಿದ್ದೂ ತಿಂದ ವಿಷಯ.

ಅಪ್ಪ, "ಹೊರದೇಶದಲ್ಲಿ ಅದನ್ನೆಲ್ಲ ನೋಡ್ತಾ ಕೂತ್ರೆ ಆಗುತ್ತೇನೋ, ಬಿಡು" ಅಂದರು. ಅಮ್ಮ ಏನೂ ಅನ್ನಲಿಲ್ಲ. ತಟ್ಟೆ ಎತ್ತಿ ಸಿಂಕಿಗೆ ಹಾಕಿದಳು. ಹೋಗಿ ಮಲಗಿದಳು. ಬೈದಿದ್ದರೇ ವಾಸಿ ಅನ್ನಿಸಿತು.

ಬೆಳಿಗ್ಗೆ ಕಾಫಿ ಲೋಟ ಕೊಡುತ್ತಾ ಕೇಳಿದಳು: "ಅದಿಲ್ಲದೆ ಮಾಡಕ್ಕಾಗಲ್ವಾ?"

ಅದಿಲ್ಲದೆ ಮಾಡಿದ್ದು

ಆಗುತ್ತೆ. ಸೂಕ್ಷ್ಮಜೀವಿಗಳಿಂದ ತಯಾರಿಸಿದ ರೆನ್ನೆಟ್ ಕೂಡ ಇದೆ. ಅದನ್ನು ಬಳಸಿದ ಚೀಸುಗಳೂ ಇಲ್ಲಿ ಸಿಗುತ್ತವೆ. ಪ್ಯಾಕೆಟ್ ಮೇಲೆ ಹಳದಿ ಬಣ್ಣದ ವಿ-ಲೇಬಲ್ ಇದೆಯಾ, ಪದಾರ್ಥಗಳ ಪಟ್ಟಿಯಲ್ಲಿ 'ಮಿಕ್ರೋಬಿಯೆಲ್ಲೆಸ್ ಲ್ಯಾಬ್' ಅಂತ ಇದೆಯಾ ನೋಡಬೇಕು. ಲ್ಯಾಬ್ ಅಂದ್ರೆ ಜರ್ಮನ್‌ನಲ್ಲಿ ರೆನ್ನೆಟ್. ಮೂರು ಅಂಗಡಿ ಸುತ್ತಿ ಎರಡು ಬಗೆ ತಂದೆ, ಒಂದು ಗಟ್ಟಿ, ಒಂದು ಮೆತ್ತಗಿನದು. ಎರಡು ಬಗೆ ಬೆರೆಸೋದು ಇಲ್ಲಿಯ ಪದ್ಧತಿ. ಪ್ರಸಿದ್ಧವಾದ 'ಮ್ವಾತಿಯೇ-ಮ್ವಾತಿಯೇ' ಫಾಂಡ್ಯೂನಲ್ಲಿ ಗ್ರುಯೇರ್ ಅರ್ಧ, ವಾಶ್ರಾಂ ಫ್ರಿಬೂರ್ಜ್ವಾ ಅರ್ಧ. ಒಂದು ರುಚಿ ಕೊಡುತ್ತೆ, ಇನ್ನೊಂದು ನುಣುಪು.

ವೈನ್ ಬದಲಿಗೇನು? ಕುದಿಸಿದರೆ ಆಲ್ಕೋಹಾಲ್ ಎಲ್ಲ ಹೋಗಿಬಿಡುತ್ತೆ ಅಂತಾರೆ, ಆದರೆ ಪೂರ್ತಿ ಹೋಗಲ್ಲ. ಇಲ್ಲೂ ಒಂದು ದಾರಿ ಸಿಕ್ಕಿತು. ಫ್ರಿಬೂರ್ ಪ್ರಾಂತ್ಯದಲ್ಲಿ ಬರೀ ವಾಶ್ರಾಂ ಹಾಕಿ ಮಾಡುವ ಫಾಂಡ್ಯೂಗೆ ವೈನೇ ಹಾಕಲ್ಲ, ನೀರು ಹಾಕುತ್ತಾರೆ. ಮಕ್ಕಳಿಗೆ ಮಾಡುವಾಗ ಸೇಬಿನ ರಸ, ನಿಂಬೆರಸ ಹಾಕುವವರೂ ಇದ್ದಾರೆ. ಅಂದ್ರೆ ನಾನೇನು ಫಾಂಡ್ಯೂ ಜಾತಿ ಕೆಡಿಸುತ್ತಿಲ್ಲ ಅಂತ ಧೈರ್ಯ ಬಂತು.

ಕಾಕ್ಲೋನ್ ನನ್ನ ಹತ್ತಿರ ಇರಲಿಲ್ಲ. ಪಕ್ಕದ ಮನೆ ಅಜ್ಜಿಯನ್ನು ಕೇಳಿದೆ. ಪಾತ್ರೆ, ಒಲೆ, ಆರು ಫೋರ್ಕು ಎಲ್ಲಾ ಕೊಟ್ಟು, "ತಣ್ಣೀರು ಮಾತ್ರ ಕುಡಿಯಬೇಡಿ, ಹೊಟ್ಟೆಯಲ್ಲಿ ಚೀಸು ಕಲ್ಲಾಗುತ್ತೆ. ಬಿಸಿ ಟೀ ಕುಡೀರಿ" ಅಂದರು. ಇಲ್ಲಿ ಎಲ್ಲರೂ ಹೇಳೋ ಮಾತು ಇದು, ಟೀ ಇಲ್ಲಾ ವೈನು. ಜ್ಯೂರಿಚ್‌ನ ವೈದ್ಯರು 20 ಜನರಿಗೆ ಫಾಂಡ್ಯೂ ತಿನ್ನಿಸಿ ಇದನ್ನು ಪರೀಕ್ಷೆಯೇ ಮಾಡಿದ್ದಾರೆ. 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ವೈನ್ ಕುಡಿದರೆ ಹೊಟ್ಟೆ ಖಾಲಿಯಾಗೋದು ಟೀಗಿಂತ ನಿಧಾನ, ಆದರೆ ಹೊಟ್ಟೆಯ ತೊಂದರೆಯಲ್ಲಿ ವ್ಯತ್ಯಾಸ ಕಾಣಲಿಲ್ಲವಂತೆ. ನಾನು ಅಜ್ಜಿಗೆ ಇದನ್ನು ಹೇಳೋಕೆ ಹೋಗಲಿಲ್ಲ.

ಶನಿವಾರ ಸಂಜೆ ಶುರು ಮಾಡಿದೆವು. ನೀರು, ಸೇಬಿನ ರಸ, ನಿಂಬೆರಸ ಬಿಸಿಯಾಯಿತು. ಅಮ್ಮ ಚೀಸು ತುರಿದುಕೊಟ್ಟಳು. ಯಾವುದೋ ವಿಡಿಯೋ ನೋಡಿ ಒಂದು ಟೀ ಚಮಚ ಕಾರ್ನ್‌ಫ್ಲೋರ್ ಹಾಕಿದೆ. ಉರಿ ಜೋರಾಗಿಟ್ಟೆ, ಹಸಿವಾಗಿತ್ತು. ಐದು ನಿಮಿಷದಲ್ಲಿ ಮೇಲೆ ಎಣ್ಣೆ, ಕೆಳಗೆ ರಬ್ಬರ್ ಚೆಂಡಿನಂಥ ಮುದ್ದೆ. ಸುತ್ತ ತೆಳ್ಳಗೆ ನೀರು.

"ಒಡೀತು" ಅಂದಳು ಅಮ್ಮ, ಇಣುಕಿ ನೋಡಿ. ಮಜ್ಜಿಗೆ ಹುಳಿ ಒಡೆದಾಗ ಹೇಳುವ ಅದೇ ದನಿ.

ಆಮೇಲೆ ನನ್ನ ಕೈಯಿಂದ ಚಮಚ ತಗೊಂಡಳು. ಪಾತ್ರೆ ಇಳಿಸಿದಳು. ಉರಿ ತಗ್ಗಿಸಿದಳು. ಲೋಟದಲ್ಲಿ ಸ್ವಲ್ಪ ತಣ್ಣೀರಿಗೆ ಎರಡು ದೊಡ್ಡ ಚಮಚ ಕಾರ್ನ್‌ಫ್ಲೋರ್ ಹಾಕಿ ಗಂಟಿಲ್ಲದ ಹಾಗೆ ಕದಡಿ, ಅರ್ಧ ನಿಂಬೆ ಹಿಂಡಿ, ಪಾತ್ರೆಗೆ ಸುರಿದು ಗಿರಗಿರ ತಿರುಗಿಸಿದಳು. ಮತ್ತೆ ಸಣ್ಣ ಉರಿಗಿಟ್ಟಳು. ಹತ್ತು ನಿಮಿಷ ಬಿಡದೆ ತಿರುಗಿಸಿದ ಮೇಲೆ ಅದು ಕೂಡಿಕೊಂಡಿತು. ನುಣ್ಣಗೆ, ದಾರದ ಹಾಗೆ ಇಳಿಯೋ ಚೀಸು.

"ಮಜ್ಜಿಗೆ ಹುಳಿಗೆ ಕಡಲೆಬೇಳೆ, ಅಕ್ಕಿ ಯಾಕೆ ರುಬ್ಬಿ ಹಾಕ್ತೀವಿ ಅಂದ್ಕೊಂಡೆ? ರುಚಿಗೆ ಮಾತ್ರ ಅಂತಲಾ?"

ಅಮ್ಮ ಹೇಳಿದ್ದು, ವಿಜ್ಞಾನ ಹೇಳಿದ್ದು

ಇಂಜಿನಿಯರ್ ಅಲ್ವಾ, ಸುಮ್ಮನಿರೋಕಾಗಲ್ಲ. ಆಮೇಲೆ ಹುಡುಕಿ ಓದಿದೆ. ಚೀಸಿನಲ್ಲಿರೋ ಕೇಸೀನ್ ಅನ್ನೋ ಪ್ರೊಟೀನನ್ನು ಕ್ಯಾಲ್ಸಿಯಂ ಅಂಟಿನ ಹಾಗೆ ಹಿಡಿದಿಟ್ಟಿರುತ್ತೆ. ಆ ಬಲೆಯೊಳಗೆ ಕೊಬ್ಬು, ನೀರು ಸಿಕ್ಕಿಕೊಂಡಿರುತ್ತೆ. ಉರಿ ಜೋರಾದರೆ ಬಲೆ ಬಿಗಿದು ಮುದ್ದೆಯಾಗುತ್ತೆ, ಕೊಬ್ಬನ್ನು ಹೊರಗೆ ಹಿಂಡಿಬಿಡುತ್ತೆ. ವೈನ್‌ನಲ್ಲೋ ನಿಂಬೆಯಲ್ಲೋ ಇರುವ ಹುಳಿ ಆ ಕ್ಯಾಲ್ಸಿಯಂ ಅನ್ನು ಸ್ವಲ್ಪ ಎಳೆದುಕೊಂಡು ಬಲೆ ಸಡಿಲ ಮಾಡುತ್ತೆ. ಪಿಷ್ಟ, ಅಂದ್ರೆ ನಮ್ಮ ಕಾರ್ನ್‌ಫ್ಲೋರ್, ದ್ರವವನ್ನು ಮಂದ ಮಾಡಿ ಕೊಬ್ಬಿನ ಹನಿಗಳು ಒಂದಾಗಿ ಮೇಲೆ ತೇಲದಂತೆ ತಡೆಯುತ್ತೆ.

ನಮ್ಮ ಊರಿನದ್ದೇ ಇಟಿಎಚ್ ಜ್ಯೂರಿಚ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಇದರ ಮೇಲೆ ಪ್ರಬಂಧ ಪ್ರಕಟಿಸಿದ್ದಾರೆ. 100 ಗ್ರಾಂ ಫಾಂಡ್ಯೂಗೆ ಕನಿಷ್ಠ 3 ಗ್ರಾಂ ಪಿಷ್ಟ ಇಲ್ಲದಿದ್ದರೆ ಅದು ಒಡೆಯುತ್ತೆ ಅನ್ನೋದು ಅವರು ಕಂಡುಕೊಂಡದ್ದು. ನಾನು ಹಾಕಿದ್ದ ಒಂದು ಟೀ ಚಮಚ ಅದರ ಕಾಲು ಭಾಗವೂ ಆಗಲ್ಲ. ಅಮ್ಮ ಕಣ್ಣಳತೆಯಲ್ಲಿ ಹಾಕಿದ್ದು ಹೆಚ್ಚೂ ಕಡಿಮೆ ಅಷ್ಟೇ ಇತ್ತು.

ಇನ್ನೊಂದು ವಿಷಯ. ನಮ್ಮ ಫ್ರಿಜ್ಜುಗಳಲ್ಲಿರೋ ಚೀಸ್ ಸ್ಲೈಸ್ ಕಾವಲಿ ಮೇಲೆ ಒಡೆಯದೆ ಕರಗುತ್ತಲ್ಲ, ಆ ಪ್ರೊಸೆಸ್ಡ್ ಚೀಸ್ ಹುಟ್ಟಿದ್ದೂ ಇದೇ ದೇಶದಲ್ಲಿ. 1911ರಲ್ಲಿ ಥೂನ್ ಊರಿನ ವಾಲ್ಟರ್ ಗೆರ್ಬರ್ ಮತ್ತು ಫ್ರಿಟ್ಜ್ ಸ್ಟೆಟ್ಲರ್ ಚೀಸಿಗೆ ಸೋಡಿಯಂ ಸಿಟ್ರೇಟ್ ಬೆರೆಸಿ ಕರಗಿಸಿದರು. ನಿಂಬೆ ಹುಳಿಯಿಂದಲೇ ಆಗೋ ಉಪ್ಪು ಅದು. ಕ್ಯಾಲ್ಸಿಯಂ ಅನ್ನು ಎಳೆದುಕೊಳ್ಳೋ ಅದೇ ಕೆಲಸ.

ಎಂಜಲಿನ ಪ್ರಶ್ನೆ

ಪಾತ್ರೆ ಮೇಜಿನ ಮೇಲೆ ಬಂತು. ಎಲ್ಲಾ ಸರಿ ಹೋಯ್ತು ಅಂದುಕೊಂಡರೆ ಅಮ್ಮ ಫೋರ್ಕ್ ಹಿಡಿದು ಕೂತೇ ಇದ್ದಾಳೆ.

"ಎಲ್ರೂ ಇದಕ್ಕೇ ಅದ್ದೋದಾ? ಎಂಜಲಾಗಲ್ವಾ?"

ನಾನು ಮೂರು ವರ್ಷದಲ್ಲಿ ಒಮ್ಮೆಯೂ ಯೋಚಿಸಿರದ ಪ್ರಶ್ನೆ! ಆದರೆ ಉತ್ತರ ಇಲ್ಲಿಯ ಶಿಷ್ಟಾಚಾರದಲ್ಲೇ ಇದೆ. ಅದ್ದೋ ಫೋರ್ಕನ್ನು ತುಟಿಗೆ ತಾಗಿಸಬಾರದು. ಹಲ್ಲಿನಿಂದ ಬ್ರೆಡ್ ಮಾತ್ರ ಎಳೆದುಕೊಳ್ಳಬೇಕು, ಇಲ್ಲಾ ತಟ್ಟೆಗೆ ಇಳಿಸಿಕೊಂಡು ಬೇರೆ ಫೋರ್ಕಿನಿಂದ ತಿನ್ನಬೇಕು. ಇದನ್ನು ಹೇಳಿದ ಮೇಲೆ ಅಮ್ಮನ ಮುಖ ಸಡಿಲವಾಯಿತು. "ಹಾಗಿದ್ರೆ ಸರಿ. ಇವರಿಗೂ ಗೊತ್ತಿದೆ ಅನ್ನು."

ಮೊದಲ ತುಂಡನ್ನು ಬಾಯಿಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಉಪ್ಪು ಜಾಸ್ತಿ. ಮೆಣಸು ಸಾಲದು." ಮೆಣಸು ಕುಟ್ಟಿ ಹಾಕಿದಳು. ಎರಡನೇ ತುಂಡು. ಮೂರನೆಯದು. ಅಪ್ಪ ಬ್ರೆಡ್ ಬೀಳಿಸಿದರು, ದಂಡಕ್ಕೆ ಅವರಿಂದ ಒಂದು ಹಳೇ ಸಿನಿಮಾ ಹಾಡು ಹೇಳಿಸಿದೆವು. ಅಪ್ಪ ಹಾಡಿದ್ದು ನಾನು ಕೇಳಿ ಎಷ್ಟು ವರ್ಷವಾಗಿತ್ತೋ.

ಕೊನೆಗೆ ತಳದಲ್ಲಿ ಕಂದು ಬಣ್ಣದ ಗರಿಗರಿ ಪದರ ಉಳಿಯುತ್ತೆ. ಫ್ರೆಂಚ್ ಮಾತಾಡೋ ಭಾಗದಲ್ಲಿ ಅದಕ್ಕೆ 'ಲಾ ರಲಿಜ್ಯೂಸ್' ಅಂತಾರೆ. ಕೆರೆದು ಹಂಚಿಕೊಂಡು ತಿನ್ನುತ್ತಾರೆ, ಅದಕ್ಕಾಗಿಯೇ ಕಾಯುವವರಿದ್ದಾರೆ. ಅಮ್ಮ ಅದನ್ನು ಚಮಚದಲ್ಲಿ ಎಬ್ಬಿಸಿ, ದೊಡ್ಡ ತುಂಡನ್ನು ನನ್ನ ತಟ್ಟೆಗೆ ಹಾಕಿದಳು. ಚಿಕ್ಕವನಿದ್ದಾಗ ತುಪ್ಪ ಕಾಯಿಸಿದ ಪಾತ್ರೆಯ ಗಸಿಗೆ ಸಕ್ಕರೆ ಹಾಕಿ ಕೊಡುತ್ತಿದ್ದಳಲ್ಲ, ಹಾಗೇ.

ನೀವೂ ಮಾಡೋದಾದರೆ

ಮೂರ್ನಾಲ್ಕು ಜನಕ್ಕೆ ನಮ್ಮ ಮನೆಯ ಅಳತೆ ಇದು:

- ಚೀಸ್ 500 ಗ್ರಾಂ, ಎರಡು ಬಗೆ, ತುರಿದದ್ದು
- ನೀರು 150 ಮಿ.ಲೀ., ಸಕ್ಕರೆ ಹಾಕದ ಸೇಬಿನ ರಸ 75 ಮಿ.ಲೀ., ನಿಂಬೆರಸ 2 ದೊಡ್ಡ ಚಮಚ
- ಕಾರ್ನ್‌ಫ್ಲೋರ್ ಸುಮಾರು 22 ಗ್ರಾಂ, ಅಂದ್ರೆ ಮಟ್ಟವಾಗಿ 3 ದೊಡ್ಡ ಚಮಚ
- ಬೆಳ್ಳುಳ್ಳಿ ಒಂದು ಎಸಳು, ಕಾಳುಮೆಣಸು, ಚಿಟಿಕೆ ಜಾಯಿಕಾಯಿ ಪುಡಿ
- ಹಿಂದಿನ ದಿನದ ಗಟ್ಟಿ ಬ್ರೆಡ್, ಬೇಯಿಸಿದ ಆಲೂಗಡ್ಡೆ, ಹೂಕೋಸು

ಪಾತ್ರೆಯೊಳಗೆಲ್ಲ ಬೆಳ್ಳುಳ್ಳಿ ಉಜ್ಜಿ. ಕಾರ್ನ್‌ಫ್ಲೋರನ್ನು ತುರಿದ ಚೀಸಿಗೆ ಮೊದಲೇ ಕಲಸಿಡಿ. ದ್ರವ ಬಿಸಿಯಾದ ಮೇಲೆ ಒಂದೊಂದೇ ಹಿಡಿ ಚೀಸ್ ಹಾಕಿ, ಹಿಂದಿನದು ಕರಗಿದ ಮೇಲೆ ಮುಂದಿನದು. ಚಮಚವನ್ನು ಇಂಗ್ಲಿಷಿನ ಎಂಟರ ಆಕಾರದಲ್ಲಿ ತಿರುಗಿಸ್ತಾ ಇರಿ. ಉರಿ ಸಣ್ಣಗೇ ಇರಲಿ, ಕೊತಕೊತ ಕುದಿಯಬಾರದು. ಕೊನೆಗೆ ಮೆಣಸು, ಜಾಯಿಕಾಯಿ. ಚೀಸಲ್ಲೇ ಉಪ್ಪಿರುತ್ತೆ, ಬೇರೆ ಬೇಡ. ಒಡೆದರೆ ಹೆದರಬೇಡಿ, ಅಮ್ಮನ ಉಪಾಯ ಇದೆಯಲ್ಲ.

ಬೆಂಗಳೂರಿನಲ್ಲಿರೋರು ಪ್ಯಾಕೆಟ್ಟಿನ ಹಸಿರು ಚುಕ್ಕೆ ನೋಡಿ ತಗೊಳ್ಳಿ. ಗೌಡಾ, ಚೆಡ್ಡಾರ್ ಥರದ್ದು ಸಾಕು. ಕಾಕ್ಲೋನ್ ಇಲ್ಲದಿದ್ದರೆ ದಪ್ಪ ತಳದ ಪಾತ್ರೆ ಸಾಕು, ತಣ್ಣಗಾದಾಗ ಮತ್ತೆ ಒಲೆ ಮೇಲಿಟ್ಟರಾಯ್ತು. ಮಣ್ಣಿನ ಕಾಕ್ಲೋನ್ ತಗೊಂಡರೆ ಅದು ಇಂಡಕ್ಷನ್ ಒಲೆ ಮೇಲೆ ಕೆಲಸ ಮಾಡಲ್ಲ, ನೆನಪಿರಲಿ.

ಇದರ ರುಚಿ ಗ್ರುಯೇರ್ ಹಾಕಿದ್ದಕ್ಕೆ ಸಮನಾ? ಇಲ್ಲ. ಸ್ವಲ್ಪ ಸಪ್ಪೆ, ಸ್ವಲ್ಪ ಸಿಹಿ. ನಾನು ಗ್ರುಯೇರ್ ಪೂರ್ತಿ ಬಿಟ್ಟಿದ್ದೀನಾ? ಅದೂ ಇಲ್ಲ. ಮನೆಯಲ್ಲಿ ಮಾಡಿದರೆ ಅಮ್ಮನ ಥರದ್ದು. ಹೊರಗೆ ಯಾರಾದರೂ ಪ್ರೀತಿಯಿಂದ ಕರೆದಾಗ ಏನು ಮಾಡಬೇಕು ಅಂತ ನನಗಿನ್ನೂ ತೀರ್ಮಾನ ಮಾಡೋಕಾಗಿಲ್ಲ. ಆದರೆ "ಬ್ರೆಡ್ಡು, ಚೀಸು" ಅನ್ನೋ ಉತ್ತರ ಮಾತ್ರ ನಿಂತಿದೆ.

ಮೊನ್ನೆ ಶುಕ್ರವಾರ ಅಮ್ಮ ಫೋನ್ ಮಾಡಿದ್ದಳು.

"ರಾತ್ರಿಗೆ ಏನೋ?"

"ಟೀಮ್ ಲೀಡ್ ಮನೇಲಿ ಫಾಂಡ್ಯೂ ಅಮ್ಮ."

"ಯಾವುದು, ನಮ್ದಾ ಅವರದ್ದಾ?"

"ಅವರದ್ದು."

ಒಂದು ಕ್ಷಣ ಆ ಕಡೆ ಸದ್ದಿಲ್ಲ. ಆಮೇಲೆ ಹೇಳಿದಳು: "ಹೂಂ. ತಣ್ಣೀರು ಕುಡೀಬೇಡ."